ಮಡಿಯಕ್ಕನ ಫ್ಲಾಸ್ಕಿನಲ್ಲಿ ಇನ್ನೊಬ್ಬರು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ಒಂದು ತಲೆನೋವು. ನಾಯಕನಿಂದ ಶುರು ಮಾಡೋಣವೆಂದರೆ ಅವನು ಕಣ್ಣಿಗೆ ಬೀಳುವುದಿಲ್ಲ. ಬರಿಗಣ್ಣಿನ ಮಾತು ಹಾಗಿರಲಿ, ಕಾಲೇಜಿನ ಮೈಕ್ರೋಸ್ಕೋಪಿಗೂ ಅವನು ನೆಟ್ಟಗೆ ಸಿಕ್ಕುವವನಲ್ಲ. ರೂಪ ವರ್ಣಿಸೋಣವೆಂದರೆ ಅವನಿಗೆ ಇಂಥದೇ ಎನ್ನುವ ರೂಪವಿಲ್ಲ. ಈಗ ಉಂಡೆ, ಇನ್ನೊಂದು ಗಳಿಗೆಗೆ ಎಳೆ, ಮತ್ತೊಂದು ಕಡೆ ಹೂಜಿ. ಹೆಸರು ಮೈಕೊಪ್ಲಾಸ್ಮಾ. ಬ್ಯಾಕ್ಟೀರಿಯಾಗಳ ಬಳಗದಲ್ಲಿ ತೀರಾ ಚಿಕ್ಕವನು, ಮತ್ತು ಗೋಡೆಯೇ ಇಲ್ಲದವನು.

[ಗೋಡೆಯಿಲ್ಲದವನು ಎಂದರೆ ರೂಪಕವಲ್ಲ, ಸ್ವಾಮಿ. ಬೇರೆ ಬ್ಯಾಕ್ಟೀರಿಯಾಗಳಿಗೆ ಸಾಮಾನ್ಯವಾಗಿ ಮೈಸುತ್ತ ಒಂದು ಗಟ್ಟಿ ಗೋಡೆ ಇರುತ್ತದೆ. ಇವನಿಗೆ ಬರೀ ತೆಳ್ಳನೆಯ ಪೊರೆ. ರೂಪಕಗಳನ್ನು ಆಮೇಲೆ ನಾನೇ ಹಾಕುತ್ತೇನೆ, ನೀವು ಅವಸರ ಮಾಡಬೇಡಿ.]

ಮೊದಲ ಕರಡನ್ನು ಅವನ ಬಾಯಿಂದಲೇ ಹೇಳಿಸಿದ್ದೆ. ಹೀಗಿತ್ತು: "ನಾನೊಬ್ಬ ನತದೃಷ್ಟ. ನನ್ನ ಪೂರ್ವಿಕರಿಗೆ ಭದ್ರವಾದ ಗೋಡೆಯಿತ್ತು, ಕೈತುಂಬ ಜೀನುಗಳಿದ್ದವು. ಕಾಲಾಂತರದಲ್ಲಿ ಎಲ್ಲವನ್ನೂ ಕಳೆದುಕೊಂಡು..."

"ಒಂದ್ನಿಮಿಷ," ಎಂದ ನಾಯಕ. "ಕಳ್ಕೊಂಡೆ ಅಂತ ಯಾರು ಹೇಳಿದ್ದು? ಬಿಟ್ಟೆ."

"ಎರಡೂ ಒಂದೇ ಅಲ್ವಾ?"

"ಹೇಗೆ ಒಂದೇ? ಪಕ್ಕದ ಮನೇಲಿ ಮೂರು ಹೊತ್ತೂ ಊಟ ಸಿಗ್ತಿದ್ರೆ ನೀವು ಒಲೆ ಹಚ್ತೀರಾ? ನಾನೂ ಹಚ್ಚಲ್ಲ. ಹಚ್ಚದೇ ಇರೋ ಒಲೆ ಮನೇಲಿ ಯಾಕೆ ಅಂತ ಎತ್ತಿ ಆಚೆ ಹಾಕಿದೆ."

"ಕೊಬ್ಬು ಕೂಡ ಪಕ್ಕದ ಮನೆಯದೇ, ಅಂದ್ರೆ ನೀನು ಅಂಟಿಕೊಂಡ ಕೋಶದ್ದೇ ಅಂತೆ?"

"ಕೊಲೆಸ್ಟ್ರಾಲ್ ತಾನೇ? ಹ್ಞೂಂ. ಗೋಡೆ ಇಲ್ಲ ಅಂದ್ಮೇಲೆ ಪೊರೆ ಆದ್ರೂ ಸ್ವಲ್ಪ ಗಟ್ಟಿ ಇರ್ಬೇಕಲ್ಲಪ್ಪ. ನಿಮ್ಮ ಡಾಕ್ಟರು ನಿಮಗೆ ಬೇಡ ಅಂದಿದ್ದನ್ನ ನಾನು ತಗೊಂಡ್ರೆ ನಿಮಗೇನು ಹೊಟ್ಟೆಯುರಿ?"

ಕರಡನ್ನು ಹರಿದು ಹಾಕಿದೆ. ಇಷ್ಟು ನೆಮ್ಮದಿಯಾಗಿರುವವನನ್ನು ಇಟ್ಟುಕೊಂಡು ಕಥೆ ಬರೆಯಲಾಗುವುದಿಲ್ಲ. ಕಥೆಗೆ ಸಂಕಟ ಬೇಕು, ಸಂಕಟಪಡುವುದಕ್ಕೆ ಮನುಷ್ಯರೇ ಆಗಬೇಕು.

೨

ಹಾಗಾಗಿ ಮಡಿಯಕ್ಕ.

ಅದು ಲ್ಯಾಬಿನ ಕಿರಿಯರು ಇಟ್ಟ ಹೆಸರು. ಅವಳು ಕೂರುವ ಮೊದಲು ಕುರ್ಚಿಗೆ ಸ್ಪಿರಿಟ್ ಹೊಡೆಯುತ್ತಾಳೆ. ಬಾಟಲಿಗೆ, ಗ್ಲೌಸಿಗೆ, ಬಾಗಿಲ ಹಿಡಿಗೆ, ಪೆನ್ನಿಗೆ ಹೊಡೆಯುತ್ತಾಳೆ. ಅವಳು ಕೆಲಸ ಮಾಡುವಾಗ ಯಾರಾದರೂ ಹತ್ತಿರ ನಿಂತು ಮಾತಾಡಿದರೆ ಮಾಸ್ಕಿನ ಮೇಲಿಂದ ಅವಳ ಕಣ್ಣುಗಳು ಕೆಂಡವಾಗುತ್ತವೆ. ಒಮ್ಮೆ ಅವಳ ಸಂಶೋಧನೆಯ ಗೈಡ್ ಸರ್ ಬಗ್ಗಿ ನೋಡಲು ಬಂದಾಗ ಅವರ ಕನ್ನಡಕಕ್ಕೂ ಹೊಡೆದಿದ್ದಳು ಎಂದು ಹೇಳುತ್ತಾರೆ.

("ಒಂದೇ ಸಲ," ಎಂದಳು ಮಡಿಯಕ್ಕ. "ಅದೂ ಅವರು ಕನ್ನಡಕ ತೆಗೆದು ಹುಡ್ ಒಳಗೆ ಇಟ್ಟಿದ್ರು. ಅದನ್ನ ಯಾಕೆ ಬರೆಯಲ್ಲ?" ಬರೆದಿದ್ದೇನೆ.)

ಲ್ಯಾಬ್ ಎಂದರೆ ಉದ್ದನೆಯ ಒಂದು ಕೋಣೆ, ತೆರೆಯಲು ಬಾರದ ಕಿಟಕಿಗಳು. ಒಂದು ಮೂಲೆಯಲ್ಲಿ ಹುಡ್. ಅಂದರೆ ಗಾಜಿನ ಬಾಗಿಲಿನ, ಸೋಸಿದ ಗಾಳಿ ಬೀಸುವ ಪೆಟ್ಟಿಗೆ. ಇನ್ನೊಂದು ಮೂಲೆಯಲ್ಲಿ ಮೈಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರ್. ಅದರೊಳಗೆ ಚಪ್ಪಟೆ ಫ್ಲಾಸ್ಕುಗಳು, ಫ್ಲಾಸ್ಕುಗಳಲ್ಲಿ ಗುಲಾಬಿ ಬಣ್ಣದ ದ್ರವ, ದ್ರವದ ತಳದಲ್ಲಿ ಕೋಶಗಳು. ಯಾರದೋ ಕ್ಯಾನ್ಸರ್ ಗಡ್ಡೆಯಿಂದ ಯಾವಾಗಲೋ ತೆಗೆದ ಕೋಶಗಳು ಅವು. ಅವರು ಹೋದರು, ಇವು ಇನ್ನೂ ಬೆಳೆಯುತ್ತಿವೆ. ದಿನ ಬಿಟ್ಟು ದಿನ ಅವಕ್ಕೆ ಹೊಸ ದ್ರವ ಹಾಕಬೇಕು. ಸಂಜೆ ಮನೆಗೆ ಹೋದರೆ ಅಮ್ಮ, "ನಿನ್ನ ಮಕ್ಕಳಿಗೆಲ್ಲ ಊಟ ಆಯ್ತೇನೇ?" ಎನ್ನುತ್ತಾರೆ. ಮದುವೆಯ ಮಾತೆತ್ತಲು ಅಮ್ಮ ಕಂಡುಕೊಂಡ ಸುತ್ತುದಾರಿ ಅದು.

ಮಡಿಯಕ್ಕನ ಸಂಶೋಧನೆ ಇಷ್ಟು: ಒಂದು ಹೊಸ ಔಷಧಿಯನ್ನು ತೊಟ್ಟು ಹಾಕಿದರೆ ಸಾಕು, ಆ ಕೋಶಗಳು ಸೊರಗಿ ಸಾಯುತ್ತವೆ. ಅಷ್ಟು ಕಡಿಮೆ ಔಷಧಿಗೆ ಅಷ್ಟು ಬೇಗ ಸಾಯುವುದನ್ನು ಯಾರೂ ನೋಡಿರಲಿಲ್ಲ. ಪೇಪರ್ ಸಿದ್ಧವಾಗಿದೆ, ಸೋಮವಾರ ಪತ್ರಿಕೆಗೆ ಹೋಗುತ್ತದೆ. ಅದು ಅಚ್ಚಾದರೆ ಡಾಕ್ಟರೇಟ್. ಇಷ್ಟು ವರ್ಷ ಕೋಶಗಳಿಗೆ ಉಣಿಸಿದ್ದಕ್ಕೆ ಸಿಗುವ ಒಂದೇ ಒಂದು ಫಲ.

೩

ಇಲ್ಲಿ ಮಡಿಯಕ್ಕನ ಬಾಲ್ಯವಿತ್ತು, ತೀರಿಹೋದ ಅಪ್ಪ ಇದ್ದರು, ಮುರಿದುಬಿದ್ದ ಒಂದು ಪ್ರೇಮವೂ ಇತ್ತು. ತೆಗೆದುಹಾಕಿದ್ದೇನೆ. ಇಲ್ಲದಿದ್ದರೂ ಬದುಕಬಹುದಾದದ್ದನ್ನೆಲ್ಲ ಬಿಟ್ಟುಬಿಡುವುದನ್ನು ನಾಯಕನಿಂದಲೇ ಕಲಿತೆ. ನಿಮಗೆ ಬಾಲ್ಯ ಬೇಕೇಬೇಕೆಂದರೆ ಪಕ್ಕದ ಯಾವುದಾದರೂ ಕಥೆಯಿಂದ ತೆಗೆದುಕೊಳ್ಳಿ, ಅಲ್ಲಿ ಧಾರಾಳವಾಗಿರುತ್ತದೆ.

೪

ಈಗ ನಾಯಕ ಒಳಗೆ ಬಂದ ಪ್ರಸಂಗ.

ಹೊರಗಿನಿಂದ ಬಂದ ಕೋಶಗಳನ್ನು ಮೊದಲು ಬೇರೆ ಇಡಬೇಕು, ಪರೀಕ್ಷೆ ಮಾಡಬೇಕು, ಆಮೇಲೆ ಉಳಿದವುಗಳ ಜೊತೆ ಸೇರಿಸಬೇಕು. ಇದು ಲ್ಯಾಬಿನ ನಿಯಮ. ಬಾಗಿಲಿಗೆ ಅಂಟಿಸಿದ್ದು ಮಡಿಯಕ್ಕನೇ. ಕಿರಿಯರು ಯಾರ ಬಳಿಯಿಂದಲಾದರೂ ಒಂದು ಫ್ಲಾಸ್ಕ್ ತಂದರೆ ಅವಳು ಅದನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆದರೆ ಈ ಕೋಶಗಳನ್ನು ತಂದುಕೊಟ್ಟವರು ಗೈಡ್ ಸರ್.

"ನಮ್ಮ ಗುರುಗಳು ನನಗೆ ಕೊಟ್ಟಿದ್ದು," ಎಂದಿದ್ದರು ಅವರು, ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು. "ಇಷ್ಟು ದಿನ ಯಾರಿಗೂ ಕೊಟ್ಟಿರ್ಲಿಲ್ಲ. ನಿನಗೆ ಕೊಡ್ತಿದೀನಿ."

ಅವಳೂ ಎರಡೂ ಕೈಯಲ್ಲಿ ಇಸಿದುಕೊಂಡಳು. ಹಾಗೆ ಕೊಟ್ಟದ್ದನ್ನು ಪರೀಕ್ಷೆಗೆ ಹಾಕುವುದೆಂದರೆ ಹಿರಿಯರು ಬಡಿಸಿದ ತಟ್ಟೆಯನ್ನು ಅವರೆದುರೇ ತೊಳೆದುಕೊಂಡ ಹಾಗೆ. ಆ ಫ್ಲಾಸ್ಕಿಗೆ ಮಾತ್ರ ಅವಳು ಸ್ಪಿರಿಟ್ಟನ್ನೂ ಹೊಡೆಯಲಿಲ್ಲ.

ಬೇರೆ ಯಾರಾದರೂ ಒಳಗೆ ಬಂದಿದ್ದರೆ ಗೊತ್ತಾಗುತ್ತಿತ್ತು. ಬೂಷ್ಟು ಬಂದರೆ ಕೂದಲು ಬಿಡುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾ ಬಂದರೆ ಒಂದು ದಿನಕ್ಕೇ ದ್ರವ ಕದಡುತ್ತದೆ, ಬಣ್ಣ ಬದಲಾಗುತ್ತದೆ, ಮೂಗಿರುವವರಿಗೆ ವಾಸನೆಯೂ ಬರುತ್ತದೆ. ನಮ್ಮ ನಾಯಕನ ಸ್ವಭಾವವೇ ಬೇರೆ. ಅವನು ಬಂದರೂ ದ್ರವ ತಿಳಿಯಾಗೇ ಇರುತ್ತದೆ. ನಿಧಾನ ಬೆಳೆಯುತ್ತಾನೆ, ಕೋಶಗಳ ಮೈಗೆ ಅಂಟಿಕೊಂಡು ಅವುಗಳ ಪಾಲಿನದನ್ನು ಉಣ್ಣುತ್ತಾನೆ. ಕೋಶಗಳು ಸಾಯುವುದಿಲ್ಲ, ಅರೆಹೊಟ್ಟೆಯಲ್ಲಿ ಬದುಕುತ್ತವೆ.

ದ್ರವವನ್ನು ಅವಳು ಸೋಸುತ್ತಿದ್ದಳಲ್ಲವೇ? ಸೋಸುತ್ತಿದ್ದಳು, ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ತೂತಿನ ಜರಡಿಯಲ್ಲಿ. ಗೋಡೆ ಇದ್ದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಇವನು ಮೈ ಹಿಂಡಿಕೊಂಡು ನುಸುಳುತ್ತಾನೆ. ಪೆನ್ಸಿಲಿನ್ ಹಾಕುತ್ತಿದ್ದಳಲ್ಲವೇ? ಪ್ರತಿ ಬಾಟಲಿಗೂ ಹಾಕುತ್ತಿದ್ದಳು. ಪೆನ್ಸಿಲಿನ್ನಿನ ಕೆಲಸ ಬ್ಯಾಕ್ಟೀರಿಯಾ ಗೋಡೆ ಕಟ್ಟದಂತೆ ತಡೆಯುವುದು. ಕಟ್ಟುವ ಯೋಚನೆಯೇ ಇಲ್ಲದವನ ಮುಂದೆ ಅದು ಏನು ಮಾಡೀತು? ಬೇರೆಯವರನ್ನೆಲ್ಲ ಓಡಿಸಿ ಇವನಿಗೆ ಜಾಗ ಮಾಡಿಕೊಟ್ಟಿತು.

["ಅದಕ್ಕೊಂದು ಥ್ಯಾಂಕ್ಸ್ ಹೇಳ್ಬಿಡಿ," ಎಂದ ನಾಯಕ. ನೀನು ಸುಮ್ಮನಿರು.]

ಇನ್ನೊಬ್ಬಳ ಪರಿಚಯ ಮಾಡಿಸಬೇಕು, ಇವಳೇ ಕೊನೆಯವಳು. ಮಡಿಯಕ್ಕನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ. ಬೇರೆ ಊರಿನ ಸಂಸ್ಥೆಗೆ ಹೋಗುವಾಗ, "ನಿನ್ನ ಕೋಶ ಒಂದು ಫ್ಲಾಸ್ಕ್ ಕೊಡೇ, ಅಲ್ಲಿ ಹೋಗಿ ನಿನ್ನ ಔಷಧಿ ಹಾಕಿ ನೋಡ್ತೀನಿ," ಎಂದಳು. ನೆರೆಮನೆಯವರಿಗೆ ಹೆಪ್ಪು ಕೊಡುವ ಹಾಗೆ ಮಡಿಯಕ್ಕ ಕೊಟ್ಟಳು. ಅಲ್ಲೂ ಕೋಶಗಳು ಸತ್ತವು. ಎರಡು ಊರು, ಎರಡು ಲ್ಯಾಬು, ಒಂದೇ ಫಲಿತಾಂಶ. ವಿಜ್ಞಾನದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಆ ಫಲಿತಾಂಶವನ್ನು ತೋರಿಸಿ ಗೆಳತಿ ಮೊನ್ನೆ ಅಲ್ಲೇ ಖಾಯಂ ಕೆಲಸ ಗಿಟ್ಟಿಸಿಕೊಂಡಳು.

೫

ಮಡಿಯಕ್ಕನಿಗೆ ಅನುಮಾನ ಬಂದದ್ದು ಅಮ್ಮನ ಕೆಮ್ಮಿನಿಂದ. ಈ ಭಾಗವನ್ನು ನಾನು ಮೊದಲು ಹೀಗೆ ಬರೆದಿದ್ದೆ: ಲ್ಯಾಬಿನ ಜೀವಿ ಮಗಳ ಸೆರಗಿಗೆ ಅಂಟಿಕೊಂಡು ಮನೆಗೆ ಬಂತು, ತಾಯಿಯ ಶ್ವಾಸಕೋಶವನ್ನು ಹೊಕ್ಕಿತು, ಮಗಳ ಮಹತ್ವಾಕಾಂಕ್ಷೆಗೆ ತಾಯಿ ಬಲಿಯಾದಳು.

"ಅದು ಬೇರೆ ಜಾತಿ!" ಮಡಿಯಕ್ಕ ಹಾರಿಬಿದ್ದಳು. "ಮೈಕೊಪ್ಲಾಸ್ಮಾದಲ್ಲಿ ಎಷ್ಟೋ ಜಾತಿ ಇವೆ. ಫ್ಲಾಸ್ಕಿಗೆ ಬರೋದು ಬೇರೆ, ಮನುಷ್ಯರಿಗೆ ಕೆಮ್ಮು ತರೋದು ಬೇರೆ. ನಿಮ್ಮ ಕಥೆಗೆ ಬೇಕು ಅಂತ ಜಾತಿ ಬದಲಾಯಿಸ್ಬೇಡಿ. ಮತ್ತೆ ನಾನು ಸೆರಗು ಹೊದ್ದು ಲ್ಯಾಬಿಗೆ ಹೋಗಲ್ಲ. ಮತ್ತೆ ಅಮ್ಮ ಸತ್ತಿಲ್ಲ, ಅಡುಗೆಮನೇಲಿ ಪಾತ್ರೆ ಸದ್ದು ಕೇಳಿಸ್ತಿಲ್ವಾ?"

ಕೇಳಿಸುತ್ತಿದೆ. ಅಮ್ಮ ವಾರಗಟ್ಟಲೆ ಕೆಮ್ಮಿದರು. ಆದರೆ ಒಂದು ದಿನವೂ ಮಲಗಲಿಲ್ಲ. ಒಗೆದರು, ಗುಡಿಸಿದರು, ಮಗಳ ಟಿಫಿನ್ ಡಬ್ಬಿ ಕಟ್ಟಿದರು, ನಡುನಡುವೆ ಗೋಡೆ ಹಿಡಿದು ಕೆಮ್ಮಿದರು. ಬೀದಿಯ ಡಾಕ್ಟರು ಕೊಟ್ಟ ಪೆನ್ಸಿಲಿನ್ ಜಾತಿಯ ಮಾತ್ರೆಗಳು ನಾಟಲಿಲ್ಲ. ಕೊನೆಗೆ ಆಸ್ಪತ್ರೆಯ ಡಾಕ್ಟರು ರಕ್ತ, ಎಕ್ಸ್‌ರೇ ಎಲ್ಲ ನೋಡಿ ಮಾತ್ರೆ ಬದಲಾಯಿಸಿದರು.

"ಇಷ್ಟು ದಿನ ಗೋಡೆ ಒಡೆಯೋ ಔಷಧಿ ತಗೊಂಡಿದೀರಮ್ಮ," ಎಂದರು. "ಈ ಕ್ರಿಮಿಗೆ ಗೋಡೆನೇ ಇರಲ್ಲ. ಒಡೆಯೋದು ಏನನ್ನ?"

ಅಮ್ಮ ನಕ್ಕರು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಮಡಿಯಕ್ಕನಿಗೆ ತನ್ನ ಫ್ಲಾಸ್ಕುಗಳು ನೆನಪಾದವು. ಅವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಎಂಎಸ್ಸಿ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದಳು. ಆದರೆ ಗೊತ್ತಿದ್ದದ್ದು ಪರೀಕ್ಷೆಯ ಹಾಳೆಯಲ್ಲೇ ಉಳಿದಿತ್ತು, ಫ್ಲಾಸ್ಕಿನ ತನಕ ಬಂದಿರಲಿಲ್ಲ. ಪ್ರತಿ ಬಾಟಲಿಗೂ ಪೆನ್ಸಿಲಿನ್ ಹಾಕಿ ಕೈ ತೊಳೆದುಕೊಂಡಿದ್ದಳು.

ದಾರಿಯುದ್ದಕ್ಕೂ ಅವಳು ಬೆರಳು ಮಡಿಸುತ್ತ ಫ್ಲಾಸ್ಕುಗಳನ್ನು ಲೆಕ್ಕ ಹಾಕಿದಳು. "ಏನಾಯ್ತೇ? ನನಗೇನೂ ಆಗಲ್ಲ ಬಿಡು," ಎಂದು ಅಮ್ಮನೇ ಮಗಳಿಗೆ ಸಮಾಧಾನ ಹೇಳಿದರು.

೬

ಪರೀಕ್ಷೆ ಕಷ್ಟದ್ದೇನಲ್ಲ. ಡಿಎನ್‌ಎಗೆ ಮಾತ್ರ ಅಂಟಿಕೊಂಡು ನೀಲಿಯಾಗಿ ಹೊಳೆಯುವ ಒಂದು ಬಣ್ಣ ಇದೆ. ಅದನ್ನು ಕೋಶಗಳ ಮೇಲೆ ಹಾಕಿ, ಪರದೆ ಎಳೆದ ಕತ್ತಲೆ ಕೋಣೆಯಲ್ಲಿ ವಿಶೇಷ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಪ್ರತಿ ಕೋಶದ ನಡುವೆ ಒಂದು ನೀಲಿ ಉಂಡೆ ಕಾಣಬೇಕು; ಉಂಡೆಗಳ ಸುತ್ತ ಬರೀ ಕಪ್ಪು.

[ಇಲ್ಲಿ ಎರಡು ಪುಟದ ಉತ್ಕಂಠೆ ಇತ್ತು. ಅವಳ ಕೈ ನಡುಗುವುದು, ಗುಂಡಿ ತಿರುಗಿಸುವುದು, ಬಾಗಿಲು ಬಡಿಯುವುದು ಇತ್ಯಾದಿ. ನೀವು ಇಷ್ಟರಲ್ಲಿ ಊಹಿಸಿದ್ದೀರಿ, ಸುಮ್ಮನೆ ಯಾಕೆ ಸತಾಯಿಸಲಿ.]

ಕಪ್ಪು ಇರಲಿಲ್ಲ. ಉಂಡೆಗಳ ಸುತ್ತ, ಪ್ರತಿ ಕೋಶದ ಮೈಮೇಲೆ, ಸಣ್ಣ ಸಣ್ಣ ನೀಲಿ ಚುಕ್ಕೆಗಳು ಕಿಕ್ಕಿರಿದಿದ್ದವು. ಅವಳು ಇನ್ನೊಂದು ಫ್ಲಾಸ್ಕ್ ತಂದಳು, ಮತ್ತೊಂದು ತಂದಳು. ಹೆಪ್ಪುಗಟ್ಟಿಸಿ ಇಟ್ಟಿದ್ದ ಮೊದಮೊದಲ ಕೋಶಗಳನ್ನೂ ಕರಗಿಸಿ, ಬೆಳೆಸಿ ನೋಡಿದಳು. ಎಲ್ಲ ಕಡೆಯೂ ಅವನೇ.

"ಚೆನ್ನಾಗಿ ಕಾಣ್ತಿದೀನಾ?" ಎಂದ ನಾಯಕ. "ಅಗರ್ ಜೆಲ್ಲಿ ಮೇಲೆ ಬೆಳೆಸಿ ನೋಡಿ, ಕಾವಲಿ ಮೇಲೆ ಒಡೆದ ಮೊಟ್ಟೆ ಥರ ಇನ್ನೂ ಮುದ್ದಾಗಿ ಕಾಣ್ತೀನಿ."

ಮಡಿಯಕ್ಕ ಅಳಲಿಲ್ಲ. ಅವಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಕಿರಿಯರಿಗೆ ಕೈ ತೊಳೆಯುವುದು ಹೇಗೆಂದು ಪಾಠ ಮಾಡಿದವಳ ಕೋಶಗಳು ಇವು. ಔಷಧಿ ಅವನ್ನು ಕೊಂದಿತ್ತೇ, ಇಲ್ಲ ಮೊದಲೇ ಹಸಿದು ಸೋತವು ಒಂದು ತೊಟ್ಟಿನ ನೆಪಕ್ಕೆ ಸತ್ತವೇ ಎಂದು ಈಗ ಯಾರೂ ಹೇಳುವ ಹಾಗಿರಲಿಲ್ಲ.

೭

ಗೈಡ್ ಸರ್ ಅವರನ್ನು ಖಳನಾಯಕ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. "ಬೇಡಪ್ಪ," ಎಂದರು ಅವರು. "ಬೆನ್ನುನೋವು ಬೇರೆ ಇದೆ, ಅಷ್ಟು ಹೊತ್ತು ನಿಂತು ಅಬ್ಬರಿಸೋಕಾಗಲ್ಲ." ಹಾಗಾಗಿ ಅವರು ಕುರ್ಚಿಯಲ್ಲಿ ಕೂತೇ ಮಡಿಯಕ್ಕ ತಂದ ನೀಲಿ ಚುಕ್ಕೆಗಳ ಚಿತ್ರಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಯಾರು ಹೇಳಿದ್ರು ನಿನಗೆ ಟೆಸ್ಟ್ ಮಾಡೋಕೆ?"

"ಯಾರೂ ಹೇಳಿಲ್ಲ ಸರ್."

"ನೋಡಮ್ಮ, ಹುಡುಕ್ತಾ ಹೋದ್ರೆ ಎಷ್ಟೋ ಲ್ಯಾಬಲ್ಲಿ ಇರತ್ತೆ ಇದು. ಸೋಮವಾರ ಪೇಪರ್ ಹೋಗ್ಲಿ. ಆಮೇಲೆ ಒಳ್ಳೆ ಕೋಶ ತರಿಸಿ ಇನ್ನೊಂದ್ಸಲ ಮಾಡೋಣ."

"ಆಗ ಬೇರೆ ಥರ ಬಂದ್ರೆ?"

"ಆಗ ಅದೂ ಒಂದು ಪೇಪರ್."

ಅವರು ನಗಿಸಲು ಹೇಳಿದ್ದು. ಇಬ್ಬರೂ ನಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸುತ್ತ, "ನನ್ನ ಥೀಸಿಸ್ಸೂ ಇದೇ ಕೋಶದ ಮೇಲೇ ಕಣಮ್ಮ ಇರೋದು," ಎಂದರು. ಮಡಿಯಕ್ಕನಿಗೆ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು; ಅದು ಇನ್ನೂ ಕಷ್ಟವಾಯಿತು.

೮

ಅಂತ್ಯ, ಒಂದು. ಮಡಿಯಕ್ಕ ಎಲ್ಲ ಫ್ಲಾಸ್ಕುಗಳಿಗೂ ಬ್ಲೀಚ್ ಸುರಿದಳು. ಸತ್ಯವನ್ನು ಬರೆದು ಪ್ರಕಟಿಸಿದಳು. ವಿಜ್ಞಾನಲೋಕ ಎದ್ದುನಿಂತು ಚಪ್ಪಾಳೆ ತಟ್ಟಿತು.

"ಯಾವ ಲೋಕ ಅದು? ವಿಳಾಸ ಕೊಡಿ, ಅರ್ಜಿ ಹಾಕ್ತೀನಿ," ಎಂದಳು ಮಡಿಯಕ್ಕ.

ಅಂತ್ಯ, ಇನ್ನೊಂದು. ಅಮ್ಮನ ಕೆಮ್ಮು ವಾಸಿ ಮಾಡಿದಂಥ ಔಷಧಿಯನ್ನೇ ಅವಳು ಫ್ಲಾಸ್ಕಿಗೂ ಹಾಕಿದಳು. ಗೋಡೆಯ ತಂಟೆಗೆ ಹೋಗದೆ, ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುವ ಔಷಧಿ. ನಾಯಕ ಹೋದ. ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಸುಖವಾಗಿದ್ದರು.

"ಕೋಶ ಶುದ್ಧ ಆಗ್ಬಹುದು. ಹೋದ ವರ್ಷದ ಗ್ರಾಫ್ ಶುದ್ಧ ಆಗತ್ತಾ?"

ಅಂತ್ಯ, ಮತ್ತೊಂದು. ಅವಳು ಲ್ಯಾಬ್ ಬಿಟ್ಟು ದೂರದ ಒಂದು ಶಾಲೆಯಲ್ಲಿ ಪಾಠ ಹೇಳುತ್ತ, ಸಂಜೆ ಹೊತ್ತು ಸೂರ್ಯಾಸ್ತ ನೋಡುತ್ತ...

"ಅಳಿಸ್ರೀ ಅದನ್ನ."

ಅಳಿಸಿದೆ. "ನಿನಗೆ ಏನು ಬೇಕು ಹಾಗಾದ್ರೆ?"

"ನಿಮ್ಮ ಅಂತ್ಯ ಎಲ್ಲ ನನ್ನೊಬ್ಬಳದೇ ಆಯ್ತು. ನನ್ನ ಕೋಶ ಇಟ್ಕೊಂಡು ಕೆಲಸಕ್ಕೆ ಸೇರಿದಾಳಲ್ಲ, ಅವಳಿಗೆ ಯಾರು ಹೇಳ್ತಾರೆ?"

"ಹೇಳಿದ್ರೆ ಅವಳ ಕೆಲಸ ಹೋಗಬಹುದು."

"ಗೊತ್ತು." ಅವಳು ಫೋನ್ ಎತ್ತಿಕೊಂಡಳು. ಅವಳ ಬೆರಳು ಎರಡು ಸಲ ತಪ್ಪು ಹೆಸರಿಗೆ ಹೋಯಿತು. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

೯

"ಏನೇ ಮಡಿ, ಪೇಪರ್ ಹೋಯ್ತಾ?" ಗೆಳತಿಯ ದನಿಯಲ್ಲಿ ನಗುವಿತ್ತು.

"ಇಲ್ಲ. ಕೋಶಕ್ಕೆ ಬಣ್ಣ ಹಾಕಿ ನೋಡ್ದೆ ಕಣೇ."

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ಬಾಗಿಲು ಮುಚ್ಚಿದ ಸದ್ದು.

"ಯಾವಾಗ?"

[ಏನು ಕಾಣಿಸಿತು ಎಂದು ಅವಳು ಕೇಳಲಿಲ್ಲ. ಮಡಿಯಕ್ಕನೂ ಅದನ್ನು ಗಮನಿಸಿದಳು.]

"ನಿಂಗೆ ಗೊತ್ತಿತ್ತಾ?"

"ಇಂಟರ್‌ವ್ಯೂಗೆ ಮುಂಚೆ ಗೊತ್ತಾಯ್ತು. ಒಂದು ಟೆಸ್ಟ್ ಕಿಟ್ ಹೆಚ್ಚಿಗೆ ಉಳಿದಿತ್ತು, ಸ್ಯಾಂಪಲ್ ಹಾಕಿದೆ. ಸುಮ್ನೆ ಹಾಕಿದ್ದು ಕಣೇ, ಏನೂ ಬರಲ್ಲ ಅಂದ್ಕೊಂಡು."

"ಯಾಕೆ ಹೇಳ್ಲಿಲ್ಲ?"

"ನೀನು ತಡ್ಕೊಳಲ್ಲ ಅನ್ನಿಸ್ತು. ಅಷ್ಟು ಮಡಿ ಮಾಡೋಳು."

"ನನಗೋಸ್ಕರ ಹೇಳ್ಲಿಲ್ವಾ?"

"ಇಲ್ಲ. ನನಗೋಸ್ಕರ."

ಓದುಗರೇ, ಇಲ್ಲಿ ನಾನು ಪೂರ್ಣವಿರಾಮ ಹಾಕಿ ಎದ್ದೆ. ಎದ್ದ ಮೇಲೆ ನಾಯಕ ಕೆಮ್ಮಿದ. ಜೀನುಗಳ ಬರಹದಲ್ಲಿ 'ಇಲ್ಲಿಗೆ ನಿಲ್ಲಿಸು' ಎನ್ನುವ ಗುರುತುಗಳಿರುತ್ತವೆ, ಜೀವಲೋಕದ ಬಹುಪಾಲು ಅವನ್ನು ಕಂಡರೆ ನಿಲ್ಲುತ್ತದೆ. ಅವುಗಳಲ್ಲಿ ಒಂದನ್ನು ಮೈಕೊಪ್ಲಾಸ್ಮಾ ಮಾಮೂಲಿ ಅಕ್ಷರವೆಂದೇ ಓದಿಕೊಂಡು, ಪ್ರೋಟೀನಿನ ಸರಕ್ಕೆ ಇನ್ನೊಂದು ಮಣಿ ಪೋಣಿಸಿ ಮುಂದೆ ಹೋಗುತ್ತದಂತೆ. ಇದನ್ನು ನಾನು ಕಲ್ಪಿಸಿಕೊಂಡು ಹೇಳುತ್ತಿಲ್ಲ, ಪಠ್ಯಪುಸ್ತಕದಲ್ಲಿದೆ. ತಿರುಗಿ ನೋಡಿದರೆ ಮಡಿಯಕ್ಕ ನನ್ನ ಪೂರ್ಣವಿರಾಮವನ್ನು ದಾಟಿ ಮಾತಾಡುತ್ತಿದ್ದಳು.

"ಬೇರೆ ಯಾರಿಗಾದ್ರೂ ಕೊಟ್ಟಿದೀಯಾ?"

"ಕೇಳಿದೋರಿಗೆ ಇಲ್ಲ ಅನ್ನೋಕಾಗತ್ತಾ? ನೀನು ನಂಗೆ ಇಲ್ಲ ಅಂದ್ಯಾ?"

"ಗೊತ್ತಾದ್ಮೇಲೂ ಕೊಟ್ಯಾ?"

"ಏ, ಬಿಡೇ."

"ಹೇಳು."

"ಗೊತ್ತಾದ್ಮೇಲೆ ಒಬ್ಬಳಿಗೆ ಮಾತ್ರ." ಗೆಳತಿಯ ದನಿ ಸಣ್ಣದಾಯಿತು. "ಇಲ್ಲ ಅಂದ್ರೆ ಯಾಕೆ ಅಂತ ಕೇಳೋಳು. ಏನಂತ ಹೇಳ್ಲಿ? ಹೊಸದಾಗಿ ಸೇರಿದಾಳೆ, ಪಾಪ, ಎರಡೂ ಕೈಯಲ್ಲಿ ತಗೊಂಡ್ಳು."

ಮಡಿಯಕ್ಕ ಗೋಡೆಗೆ ಒರಗಿದಳು. ಅವಳಿಗೆ ಗೆಳತಿಯ ಮೇಲೆ ಅಸಹ್ಯವಾಯಿತು, ಮರುಕ್ಷಣ ಅಯ್ಯೋ ಅನ್ನಿಸಿತು, ಸೋಮವಾರದ ತನಕ ತಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಷ್ಟು ಹಗುರವಾಗಿರುತ್ತಿತ್ತು ಎಂದೂ ಅನ್ನಿಸಿತು.

"ಅವಳ ನಂಬರ್ ಕೊಡು," ಎಂದಳು.

"ಕೊಟ್ರೆ ನನಗೆ ಏನಾಗತ್ತೆ ಗೊತ್ತಾ?"

"ಗೊತ್ತು. ನನಗೂ ಅದೇ ಆಗತ್ತೆ. ಕೊಡು."

ಗೆಳತಿ ಸುಮ್ಮನಿದ್ದಾಳೆ. ಇಷ್ಟು ಬರೆದು ನಾನು ಊಟಕ್ಕೆ ಎದ್ದು ಹೋಗಿ ಬಂದೆ. ಇನ್ನೂ ಸುಮ್ಮನೆ ಇದ್ದಾಳೆ. ಮಡಿಯಕ್ಕ ಫೋನ್ ಇಟ್ಟಿಲ್ಲ